ತೂತು ಮುಚ್ಚಿದವನು

ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಹೇಳಹೊರಟಿರುವ ತಪ್ಪಿಗೆ ಅರ್ಧ ಕಾರಣ ಆ ಸಿಟ್ಟು. ಉಳಿದರ್ಧಕ್ಕೆ ಕಾರಣ ನನ್ನ ಕಸುಬು. ಅಮ್ಮತ್ತಿಯಿಂದ ಎರಡು ಮೈಲಿ ಒಳಗಿದ್ದ ಕಾಫಿ ಎಸ್ಟೇಟೊಂದರಲ್ಲಿ ನಾನು ಫಿಟ್ಟರ್ ಆಗಿದ್ದೆ. ಪಲ್ಪರ್ ಮನೆ ನನ್ನ ಸುಪರ್ದಿಗೆ ಸೇರಿತ್ತು. ಕೊಯ್ದು ತಂದ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರವೇ ಪಲ್ಪರ್. ಅದರ ಹೊಟ್ಟೆಯಲ್ಲಿ ತಾಮ್ರದ ತಗಡೊಂದು ತಿರುಗುತ್ತಿರುತ್ತದೆ. ತಗಡಿನಲ್ಲಿ ಎಲ್ಲೋ ಒಂದು ಕಡೆ ತೂತು ಬಿದ್ದರೂ ಸಾಕು, ಬೀಜ ಒಡೆದು ಸಿಪ್ಪೆಯ ಜೊತೆ ನೀರುಪಾಲು. ತೂತು ಕಂಡರೆ ಮೊದಲು ಮುಚ್ಚು, ಯಾರು ಮಾಡಿದ್ದೆಂದು ಆಮೇಲೆ ಬೈಯಿ ಎನ್ನುವುದು ನನಗೆ ಕೆಲಸ ಕಲಿಸಿದ ಮೇಸ್ತ್ರಿಯ ಪಾಠ. ನಾನು ಎರಡನ್ನೂ ಚೆನ್ನಾಗಿ ಕಲಿತಿದ್ದೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮೇಲಿನ ಎರಡನೆಯ ಕೊಯ್ಲು ಮುಗಿಯುತ್ತಿದ್ದಾಗ ಪಲ್ಪರನ್ನು ತಿರುಗಿಸುತ್ತಿದ್ದ ಹಳೇ ಆಯಿಲ್ ಎಂಜಿನ್ ಸೀಳಿಹೋಯಿತು. ಬೆಸುಗೆಗೂ ಬಗ್ಗದ ಸೀಳು. ಎಸ್ಟೇಟಿನ ಯಜಮಾನಿ ಅರುವತ್ತು ದಾಟಿದ ಕೊಡವ ಹೆಂಗಸು. ಗಂಡ ತೀರಿಕೊಂಡ ಮೇಲೆ ಒಬ್ಬರೇ ತೋಟ ನಡೆಸುತ್ತಿದ್ದರು. ಲೈನಿನ, ಅಂದರೆ ಕೂಲಿಮನೆ ಸಾಲಿನ, ಆಳುಗಳಿಂದ ಹಿಡಿದು ಲೆಕ್ಕ ಬರೆಯುವ ರೈಟರ್‌ವರೆಗೆ ಎಲ್ಲರೂ ಅವರನ್ನು ದೊಡ್ಡಮ್ಮ ಎನ್ನುತ್ತಿದ್ದೆವು. ಅವರು ನನ್ನನ್ನು ಕರೆಸಿ ನಿಂತ ಹೆಜ್ಜೆಯಲ್ಲೇ ಹೇಳಿದರು.

"ಸ್ಟೋರಿನ ಹಿಂದೆ ನಮ್ಮವರ ಕಾರ್ ಉಂಟಲ್ಲ ಫಿಟ್ಟರ್, ಅದರ ಎಂಜಿನ್ ಬಿಚ್ಚಿ ಪಲ್ಪರಿಗೆ ಕೂರಿಸು. ಹತ್ತು ವರ್ಷದಿಂದ ಕೋಳಿ ಮೊಟ್ಟೆ ಇಡ್ಲಿಕ್ಕೆ ಮಾತ್ರ ಆಗಿದೆ ಅದು."

ಹೋದೆ. ಟಾರ್ಪಾಲು ಎಳೆದೆ. ಕೋಳಿಯೊಂದು ನನ್ನ ಮುಖಕ್ಕೇ ಹಾರಿತು. ಉದ್ದ ಮೂತಿಯ, ತಲೆಯ ಮೇಲೆ ಚಾವಣಿಯಿಲ್ಲದ ಕಾರು. ದೀಪಗಳಿಗೆ ತಂತಿಯ ಬಲೆ ಕಟ್ಟಿತ್ತು, ಬಾನೆಟ್ಟಿಗೆ ಕುದುರೆಗೆ ಬಿಗಿಯುವಂಥ ತೊಗಲಿನ ಪಟ್ಟಿ. ಮೈ ತಗಡಿನದೂ ಅಲ್ಲ. ತೆಳು ಮರದ ಚೌಕಟ್ಟಿಗೆ ದಪ್ಪ ಬಟ್ಟೆ ಬಿಗಿದು ಬಣ್ಣ ಬಳಿದಿದ್ದರು. ಯಾವುದೋ ಬಿಳಿ ದೊರೆಯ ಕಾಲದ್ದಿರಬೇಕು, ದೊರೆಗಳಲ್ಲೂ ಜಿಪುಣರಿರುತ್ತಾರೆ ಎಂದುಕೊಂಡೆ. ತೊಗಲಿನ ಪಟ್ಟಿ ಬಿಚ್ಚಿ ಬಾನೆಟ್ ಎತ್ತಿದೆ. ಸ್ಪ್ಯಾನರನ್ನು ಮೊದಲ ಬೋಲ್ಟಿಗೆ ಹಾಕಿದವನು ಹಾಗೇ ನಿಂತುಬಿಟ್ಟೆ.

ಒಂದೊಂದು ಬೋಲ್ಟಿನ ತಲೆಯಲ್ಲೂ ಸೂಜಿ ತೂರುವಷ್ಟು ಸಣ್ಣ ಕಂಡಿ. ಆ ಕಂಡಿಯಿಂದ ಹೊರಟ ತಂತಿ ಪಕ್ಕದ ಬೋಲ್ಟಿಗೆ ಹೋಗಿ, ಅಲ್ಲಿಂದ ಮುಂದಿನದಕ್ಕೆ ಹೋಗಿ ಬಿಗಿದುಕೊಂಡಿತ್ತು. ಒಂದು ಸಡಿಲಾಗಲು ಹೊರಟರೆ ಇನ್ನೊಂದು ಅದನ್ನು ಎಳೆದು ಹಿಡಿಯುವ ಹಾಗೆ ತಂತಿಯನ್ನು ಹೊಸೆದಿದ್ದರು. ಎಂಜಿನ್ನಿನ ಈ ತುದಿಯಿಂದ ಆ ತುದಿಯವರೆಗೆ ತಂತಿ ಇಲ್ಲದ ಒಂದು ಬೋಲ್ಟ್ ಸಿಗಲಿಲ್ಲ. ದಿನಾ ಬೆಳಿಗ್ಗೆ ಪಲ್ಪರಿನಿಂದ ಉದುರಿದ ನಟ್ಟುಗಳನ್ನು ನೆಲದಿಂದ ಆರಿಸಿ ಜೇಬಿಗೆ ತುಂಬಿಕೊಳ್ಳುವುದೇ ನನ್ನ ಪಾಡಾಗಿತ್ತು. ಇಲ್ಲಿ ನೋಡಿದರೆ ಯಾರೋ ಒಬ್ಬ, ಒಂದು ನಟ್ಟೂ ಉದುರಕೂಡದು ಎಂದು ವ್ರತ ಹಿಡಿದವನಂತೆ ಕೂತು ಕೆಲಸ ಮಾಡಿದ್ದ. ನನಗೆ ಮೈ ಜುಮ್ಮೆಂದಿತು. ಇಕ್ಕಳ ತೆಗೆದು ಆ ತಂತಿಯನ್ನು ಕತ್ತರಿಸಲು ಕೈ ಬರಲಿಲ್ಲ.

ವಾಪಸು ಹೋಗಿ ದೊಡ್ಡಮ್ಮನ ಮುಂದೆ ನಿಂತು, "ಅದೆಂಥ ಕಾರಮ್ಮ?" ಎಂದೆ.

"ಪಂದ್ಯದ್ದು," ಎಂದರು. "ಫ್ರಾನ್ಸ್ ದೇಶದಲ್ಲಿ ಒಂದು ಓಟ ಮಾಡ್ತಾರಂತೆ. ಸಾಯಂಕಾಲ ನಾಲ್ಕು ಗಂಟೆಗೆ ಹೊರಟ್ರೆ ಮಾರನೇ ದಿನ ಸಾಯಂಕಾಲ ನಾಲ್ಕಕ್ಕೆ ಮುಗೀತದೆ. ಎರಡು ಜನ, ಒಬ್ಬ ಆದ ಮೇಲೆ ಒಬ್ಬ ಓಡಿಸ್ಬೇಕು. ದಾರೀಲಿ ಏನಾದ್ರೂ ಮುರಿದ್ರೆ ಕಾರಲ್ಲಿರೋ ಸಾಮಾನಲ್ಲೇ ಅವರೇ ರಿಪೇರಿ ಮಾಡ್ಕೋಬೇಕು. ನಮ್ಮವರಿಗೆ ಇದನ್ನ ಕೊಟ್ಟ ದೊರೆ ಅದ್ರಲ್ಲಿ ಓಡಿಸಿದ್ದವ."

"ಗೆದ್ದಿತ್ತಾ?"

"ಇಲ್ಲ ಮಾರಾಯ. ಮುಗಿಸಿತ್ತು, ಅಷ್ಟೇ. ಸುಮಾರು ಕಾರು ಮುಗಿಸ್ಲೇ ಇಲ್ಲವಂತೆ."

ಬೇರೆ ಯಾರಾದರೂ ಆಗಿದ್ದರೆ ಗೆಲ್ಲದ ಕಾರೆಂದು ಮೂಗು ಮುರಿಯುತ್ತಿದ್ದರೋ ಏನೋ. ನಮ್ಮ ಆಯಿಲ್ ಎಂಜಿನ್ ಆರು ಗಂಟೆ ಓಡಿದರೆ ಒಂದು ಗಂಟೆ ಸುಧಾರಿಸಿಕೊಳ್ಳುತ್ತಿತ್ತು, ಅದೂ ನೆಲಕ್ಕೆ ಕಚ್ಚಿ ಕೂತಲ್ಲೇ. ಇದು ಇಡೀ ಒಂದು ಹಗಲು, ಇಡೀ ಒಂದು ರಾತ್ರಿ ಪ್ರಾಣ ಹೋಗುವ ವೇಗದಲ್ಲಿ ಓಡಿ ಮುಗಿಸಿತ್ತು. ನಾನು ಹಿಂದೆ ಮುಂದೆ ನೋಡದೆ ಹೇಳಿಬಿಟ್ಟೆ: "ಇದರ ಎಂಜಿನ್ ನಾನು ಬಿಚ್ಚುವುದಿಲ್ಲಮ್ಮ. ಓಡಿಸಿ ಕೊಡ್ತೇನೆ."

"ಪಲ್ಪರಿಗೆ ನಿನ್ನ ತಲೆ ಕೂರಿಸ್ತೀಯಾ?" ಎಂದರು. ಆಮೇಲೆ ಒಂದು ಗಡುವು ಕೊಟ್ಟರು. ಕೈಲ್ ಮುಹೂರ್ತದ ದಿನ, ಅಂದರೆ ನಾಟಿ ಮುಗಿದ ಮೇಲೆ ಕೋವಿ ಕತ್ತಿಗಳಿಗೆ ಪೂಜೆ ಮಾಡುವ ಹಬ್ಬದ ದಿನ, ಕಾರು ಪಲ್ಪರ್ ಮನೆಯಿಂದ ಗುಡ್ಡದ ಮೇಲಿನ ಬಂಗಲೆಗೆ ತಾನಾಗಿ ಹತ್ತಬೇಕು, ತಾನಾಗಿ ಇಳಿಯಬೇಕು. ಆಗದಿದ್ದರೆ ಎಂಜಿನ್ ಪಲ್ಪರಿಗೆ. ಕೊಯ್ಲು ಶುರುವಾಗುವುದರೊಳಗೆ ಕೂರಿಸಲು ಆಗಲೂ ಸಮಯ ಇರುತ್ತಿತ್ತು. ನಾನು ಒಪ್ಪಿದೆ.

ಆ ಐದಾರು ತಿಂಗಳು ಪಲ್ಪರ್ ಮನೆಯೇ ಕಾರಿನ ಮನೆಯಾಯಿತು. ಕಿಡಿ ಹೊಡೆಯುವ ಮ್ಯಾಗ್ನೆಟೋವನ್ನು ಗೋಣಿಯಲ್ಲಿ ಸುತ್ತಿ ಬಸ್ಸಿನಲ್ಲಿ ಮೈಸೂರಿಗೆ ಒಯ್ದು ಹೊಸ ತಂತಿ ಸುತ್ತಿಸಿ ತಂದೆ. ವಾಲ್ವುಗಳನ್ನು ಒಂದೊಂದಾಗಿ ಅಂಗೈಯಲ್ಲಿ ಹೊಸೆದು ಉಜ್ಜಿದೆ. ಬಿಚ್ಚಿದ ಬೋಲ್ಟುಗಳಿಗೆಲ್ಲ ಹಳೆಯ ಹಾಗೇ ತಂತಿ ಹೊಸೆಯಲು ಕಲಿತೆ. ಮೊದಲ ವಾರ ಬೆರಳೆಲ್ಲ ರಕ್ತ. ಗೆದ್ದಲು ತಿಂದ ಚೌಕಟ್ಟನ್ನು ಬಡಗಿ ಸರಿ ಮಾಡಿದ. ಹರಿದ ಬಟ್ಟೆಯ ಮೈಗೆ ಹೊಸ ಕ್ಯಾನ್ವಾಸು ಹೊಲಿದವಳು ನನ್ನ ಹೆಂಡತಿ. ಅವಳು ಕಕ್ಕಬೆಯ ಕಡೆಯವಳು, ನಮ್ಮದು ಅರೆಭಾಷೆಯ ಮನೆ. ಸೂಜಿ ಚುಚ್ಚಿದಾಗೆಲ್ಲ ನನಗೂ ಒಂದು ಚುಚ್ಚುತ್ತಿದ್ದಳು.

"ನಂಗೆ ಒಂದು ರವಿಕೆ ಹೊಲ್ಸಿಕೊಡಿಕೆ ಆತ್ಲೆ ನಿಮ್ಗೆ. ಈ ಬಂಡಿಗೆ ಅಂಗಿ ಬೇಕಾತಾ?"

ನಗುತ್ತಲೇ ಹೊಲಿದಳು. ಹೊಲಿಗೆ ಎಷ್ಟು ಬಿಗಿಯಾಗಿತ್ತೆಂದರೆ ಬೆರಳಲ್ಲಿ ತಟ್ಟಿದರೆ ದುಡಿಯ ಹಾಗೆ ಸದ್ದು ಬರುತ್ತಿತ್ತು.

ಇನ್ನು ತೂತುಗಳ ವಿಷಯ. ಕಾರಿನ ಅಡಿಗೆ ಹೋಗಿ ಮಣ್ಣು ಕೆರೆದಾಗ ಕಂಡವು. ಬ್ರೇಕಿನ ಪೆಡಲಿನಲ್ಲಿ ಸಾಲಾಗಿ ತೂತು. ಕೈಬ್ರೇಕಿನ ಹಿಡಿಯಲ್ಲಿ ತೂತು. ಸೀಟಿನ ಅಡಿಯ ಪಟ್ಟಿಗಳಲ್ಲಿ, ಎಂಜಿನ್ ಹೊತ್ತ ಕಾಲುಗಳಲ್ಲಿ, ಚಕ್ರದ ಹಿಂದೆ ಬ್ರೇಕಿನ ಡ್ರಮ್ಮಿಗೆ ಮುಚ್ಚಳವಾಗಿ ಕೂತ ತಟ್ಟೆಗಳಲ್ಲಿ, ಎಲ್ಲೆಲ್ಲೂ ತೂತು. ನನ್ನ ಸಿಟ್ಟು ನೆತ್ತಿಗೇರಿತು. ಇಂಥ ಕಾರಿನ ಕಬ್ಬಿಣವನ್ನು ಯಾವ ಪಾಪಿ ಕೊರೆದು ತಿಂದ? ಅವನ ಕೈಗೆ ಕಜ್ಜಿ ಹತ್ತಲಿ ಎಂದು ಶಪಿಸುತ್ತಾ ಒಂದೊಂದನ್ನೂ ಎಣಿಸಿದೆ: ಇನ್ನೂರ ಹದಿಮೂರು. ಹಳೇ ಪಲ್ಪರ್ ತಗಡಿನಿಂದ ತಾಮ್ರದ ಬಿಲ್ಲೆಗಳನ್ನು ಕತ್ತರಿಸಿದೆ. ಒಂದೊಂದನ್ನೂ ಅದರದರ ತೂತಿಗೆ ಹೊಂದಿಸಿ, ಸೀಸ ತವರ ಕರಗಿಸಿ ಬೆಸುಗೆ ಹಾಕಿ, ಅರ ಉಜ್ಜಿ, ಮೇಲೆ ಬಣ್ಣ ಬಳಿದೆ. ಎಲ್ಲಿ ತೂತಿತ್ತು ಎಂದು ಉಗುರಿಗೂ ತಿಳಿಯುತ್ತಿರಲಿಲ್ಲ. ನನ್ನ ಜೀವಮಾನದಲ್ಲಿ ಅಷ್ಟು ಚೊಕ್ಕ ಕೆಲಸ ನಾನು ಇನ್ನೊಂದು ಮಾಡಿಲ್ಲ. ದೊಡ್ಡಮ್ಮ ಬಂದು ಪೆಡಲಿನ ಮೇಲೆ ಕೈಯಾಡಿಸಿ ತಲೆಯಾಡಿಸಿದಾಗ ನಾನು ಎರಡಂಗುಲ ಎತ್ತರವಾದೆ.

ಹಬ್ಬಕ್ಕೆ ಹತ್ತು ದಿನ ಇರುವಾಗ ಓಡಿಸಿ ನೋಡಿದೆವು. ದೊಡ್ಡಮ್ಮನಿಗೆ ಗಂಡನ ಕಾಲದಿಂದಲೇ ಕಾರು ಬಿಡಲು ಬರುತ್ತಿತ್ತು. ಸೀರೆಯ ಸೆರಗು ಬಿಗಿದು ಸ್ಟಿಯರಿಂಗ್ ಹಿಡಿದು ಕೂತರು. ನಾನು ಹ್ಯಾಂಡಲ್ ಹಾಕಿ ತಿರುಗಿಸಿದೆ. ಮೂರನೆಯ ಸುತ್ತಿಗೆ ಎಂಜಿನ್ ಹತ್ತಿಕೊಂಡಿತು. ಆ ಸದ್ದನ್ನು ನಾನು ಹೇಗೆ ಹೇಳಲಿ. ಪಲ್ಪರ್ ಮನೆಯ ಹೆಂಚು ಅದುರಿತು, ಲೈನಿನ ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಬಾಗಿಲಿಗೆ ಬಂದರು. ಜೀಪುಗಳು ಏದುಸಿರು ಬಿಡುತ್ತಿದ್ದ ಏರನ್ನು ಅದು ತನಗೆ ಸಂಬಂಧವೇ ಇಲ್ಲವೆಂಬಂತೆ ಹತ್ತಿತು. ಪಕ್ಕದ ಸೀಟಿನಲ್ಲಿ ಕೂತಿದ್ದ ನನ್ನ ಕಣ್ಣಲ್ಲಿ ನೀರು, ಗಾಳಿಗೋ ಸಂತೋಷಕ್ಕೋ ಗೊತ್ತಿಲ್ಲ.

ಇಳಿಯುವಾಗ ಎರಡನೆಯ ತಿರುವಿನಲ್ಲಿ ಸುಟ್ಟ ವಾಸನೆ ಬಂತು. ಮೂರನೆಯದರಲ್ಲಿ ದೊಡ್ಡಮ್ಮ ಪೆಡಲನ್ನು ತಳ ಮುಟ್ಟಿಸಿ ತುಳಿದರೂ ಕಾರು ನಿಧಾನವಾಗಲಿಲ್ಲ. "ಹಿಡಿತಾ ಇಲ್ಲ," ಎಂದರು, ಅಷ್ಟೇ. ಬೊಬ್ಬೆ ಹೊಡೆಯಲಿಲ್ಲ. ಕೈಬ್ರೇಕ್ ನಾನು ಎಳೆದೆ, ಅದೂ ಜಾರಿತು. ಕೊನೆಗೆ ಅವರು ಪಲ್ಪರ್ ಮನೆಯ ಪಕ್ಕದ ಕಾಫಿ ಸಿಪ್ಪೆಯ ಗೊಬ್ಬರದ ರಾಶಿಗೆ ತಿರುಗಿಸಿದರು. ಕಾರು ಅರ್ಧದವರೆಗೆ ಅದರೊಳಗೆ ಹೂತು ನಿಂತಿತು. ನಮ್ಮಿಬ್ಬರ ತಲೆಯ ಮೇಲೂ ಕೊಳೆತ ಸಿಪ್ಪೆ.

ದೊಡ್ಡಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು.

"ಅದಕ್ಕೂ ವಯಸ್ಸಾಯ್ತು ಫಿಟ್ಟರ್, ನನಗೂ ಆಯ್ತು. ನೀನು ಮಾಡೋದು ಎಲ್ಲ ಮಾಡಿದ್ದಿ. ನಾಳೆ ಎಂಜಿನ್ ಬಿಚ್ಚು."

ಬೈದಿದ್ದರೆ ವಾಸಿ ಇತ್ತು. ಅವರು ನಡೆದು ಗುಡ್ಡ ಹತ್ತಿದರು. ನಾನು ದಾರಿಯಲ್ಲಿ ಹಿಂದಕ್ಕೆ ಹೋಗಿ ನೋಡಿದೆ. ಎರಡನೆಯ ತಿರುವಿನಿಂದ ಕೆಳಕ್ಕೆ ಮಣ್ಣಿನ ಮೇಲೆ ಬೆಳ್ಳಿಯಂಥ ಹನಿಗಳು. ನೋಡಿದ ಕೂಡಲೇ ನನಗೆ ತಿಳಿಯಿತು, ಅದು ನನ್ನ ಬೆಸುಗೆ. ರಾಶಿಯ ಹೊರಗುಳಿದಿದ್ದ ಹಿಂದಿನ ಚಕ್ರ ಬಿಚ್ಚಿದರೆ ಒಳಗೂ ಅದೇ: ಕರಗಿದ ಬೆಸುಗೆ ಬ್ರೇಕಿಗೂ ಡ್ರಮ್ಮಿಗೂ ನಡುವೆ ಹರಿದು ತುಪ್ಪ ಸವರಿದ ಹಾಗಾಗಿತ್ತು. ಆ ತಟ್ಟೆಯ ತೂತುಗಳು ಗಾಳಿಯಾಡಲೆಂದೇ ಕೊರೆದವು. ಕಾದ ಬ್ರೇಕು ಅವುಗಳಿಂದ ಉಸಿರಾಡಬೇಕಿತ್ತು. ನಾನು ಅದರ ಮೂಗು ಮುಚ್ಚಿದ್ದೆ. ಯಾರಾದರೂ ನೋಡುತ್ತಾರೇನೋ ಎಂದು ಅತ್ತಿತ್ತ ತಿರುಗಿ, ಹನಿಗಳನ್ನೆಲ್ಲ ಆರಿಸಿ ಜೇಬಿಗೆ ಹಾಕಿಕೊಂಡೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಗೊಬ್ಬರ ಎತ್ತಲು ಸಲಿಕೆ ಹಿಡಿದು ಬಂದವರು ಕಾಕ. ಮಲಬಾರಿನ ಮಾಪಿಳ್ಳೆ ಮುಸಲ್ಮಾನರು, ಎಪ್ಪತ್ತರ ಹತ್ತಿರ. ಹರೆಯದಲ್ಲಿ ಒಣಮೀನಿನ ಬುಟ್ಟಿ ತಲೆಯ ಮೇಲೆ ಹೊತ್ತು ಮಲಬಾರಿನಿಂದ ಘಟ್ಟ ಹತ್ತುತ್ತಿದ್ದವರು, ಈಗ ಎಸ್ಟೇಟಿನ ಸ್ಟೋರಿಗೆ ಕಾವಲು. ನಾನು ಕೈಗೆ ಸಿಕ್ಕಿದ ಪೆಡಲನ್ನು ಬಿಚ್ಚಿ ಹಿಡಿದು ಕೂತಿದ್ದೆ. ಬ್ರೇಕಿನ ತಟ್ಟೆಯ ತೂತು ಗಾಳಿಗೆ ಸರಿ, ಪೆಡಲಿಗೆ ಯಾವ ಗಾಳಿ ಬೇಕು? ಅದನ್ನೇ ಅವರಿಗೆ ಹೇಳಿ, ಯಾವನೋ ಹುಚ್ಚ ಕೊರೆದದ್ದು ಎಂದೆ. ಕಾಕ ಪೆಡಲನ್ನು ತೆಗೆದುಕೊಂಡು ಅಂಗೈಯಲ್ಲಿ ತೂಗಿದರು.

"ಹುಚ್ಚ ಅಲ್ಲ ಮೋನೇ. ಭಾರ ಹೊತ್ತವ," ಎಂದರು. "ಘಟ್ಟ ಹತ್ತುವಾಗ ನಾನು ಊರುಗೋಲನ್ನ ಕೆತ್ತಿ ಕೆತ್ತಿ ಬೆರಳಷ್ಟು ಮಾಡ್ತಿದ್ದೆ. ಬುಟ್ಟಿಯ ಕಣ್ಣಿಹಗ್ಗವನ್ನೂ ಬಿಚ್ಚಿ ಬಿಸಾಡ್ತಿದ್ದೆ. ಹೊರಡುವಾಗ ಬೀಡಿ ಕಟ್ಟಿಗೆ ತೂಕ ಇಲ್ಲ. ಹತ್ತು ಮೈಲು ಆದ ಮೇಲೆ ನೋಡು, ಅದೂ ಕಲ್ಲಾಗ್ತದೆ. ಇದು ಒಂದು ಹಗಲು ಒಂದು ರಾತ್ರಿ ಓಡಿದ್ದು ಅಂತ ನೀನೇ ಹೇಳಿದ್ದಲ್ಲ?"

ನಾನು ಪೆಡಲನ್ನು ಕಿತ್ತುಕೊಂಡೆ. ಬಣ್ಣ ಕೆರೆದು ಒಂದೆರಡು ಬಿಲ್ಲೆ ಕಿತ್ತೆ. ಮುಚ್ಚುವ ಆತುರದಲ್ಲಿ ನೋಡದೇ ಹೋದದ್ದು ಆಗ ಕಂಡಿತು. ಕಾಲಿನ ಒತ್ತಡ ಹೆಚ್ಚು ಬೀಳುವ ಕಡೆ ತೂತು ಸಣ್ಣದು, ಒತ್ತಡ ಕಡಿಮೆಯಾದ ಹಾಗೆ ತೂತು ದೊಡ್ಡದು. ಅಂಚುಗಳನ್ನು ಮಗುವಿನ ಕೈಗೂ ಗೀರದ ಹಾಗೆ ಮಟ್ಟ ಮಾಡಿತ್ತು. ಯಾವುದೋ ದೇಶದಲ್ಲಿ ಒಬ್ಬ ಮನುಷ್ಯ ಒಂದೊಂದು ಕಬ್ಬಿಣದ ತುಂಡನ್ನೂ ಕೈಗೆತ್ತಿಕೊಂಡು, ನೀನು ಎಷ್ಟಿದ್ದರೆ ಸಾಕು ಎಂದು ಕೇಳಿದ್ದ. ಅಷ್ಟನ್ನು ಬಿಟ್ಟು ಉಳಿದದ್ದನ್ನು ತೆಗೆದಿದ್ದ. ಇನ್ನೂರ ಹದಿಮೂರು ಸಲ ಕೇಳಿದ್ದ. ಕಬ್ಬಿಣಕ್ಕೆ ಕಬ್ಬಿಣ ಸೇರಿಸುವುದೇ ಫಿಟ್ಟರನ ಕೆಲಸ ಎಂದು ನಂಬಿ ಹದಿನೈದು ವರ್ಷ ಕಳೆದವನು ನಾನು. ನಾನು ಕಸುಬು ಎಂದುಕೊಂಡಿದ್ದು ಕಸುಬಿನ ಹೊಸ್ತಿಲು ಮಾತ್ರ ಎಂದು ಅನ್ನಿಸಿತು. ಹೆದರಿಕೆಯಾಯಿತು, ದೊಡ್ಡ ಗುಡ್ಡದ ಬುಡದಲ್ಲಿ ನಿಂತು ಮೇಲೆ ನೋಡಿದಾಗ ಆಗುತ್ತದಲ್ಲ, ಅಂಥದು.

ಈಗ ನನ್ನ ಮುಂದಿದ್ದದ್ದು ಒಂದೇ ಪ್ರಶ್ನೆ. ಸುಮ್ಮನಿದ್ದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಕಾರಿಗೆ ವಯಸ್ಸಾಯಿತೆಂದು ದೊಡ್ಡಮ್ಮನೇ ತೀರ್ಪು ಕೊಟ್ಟಾಗಿದೆ. ಪಲ್ಪರಿಗೆ ಎಂಜಿನ್ ಬರುತ್ತದೆ, ನನ್ನ ಹೆಸರೂ ಉಳಿಯುತ್ತದೆ. ಕಾರು ಮಾತ್ರ ತನ್ನದಲ್ಲದ ತಪ್ಪಿಗೆ ಸಾಯುತ್ತದೆ. ಕಾಕ ಬಾಯಿ ಬಿಡುವವರಲ್ಲ. ಊಟ ಸೇರಲಿಲ್ಲ. ಹೆಂಡತಿ ಕೇಳಿದಳು, ಹೇಳಿದೆ. ಅವಳು ಆ ಸಲ ಚುಚ್ಚಲಿಲ್ಲ.

"ನಾ ಹೊಲ್ದ ಅಂಗಿ ಹಾಕ್ಕಂಡೇ ಅದ್ ಸಾಯೊಕಾ?" ಎಂದಳು.

ಬೆಳಿಗ್ಗೆ ಬಂಗಲೆಗೆ ಹೋದೆ. ದೊಡ್ಡಮ್ಮ ಜಗಲಿಯಲ್ಲಿ ಹಬ್ಬಕ್ಕೆಂದು ಕೋವಿಯ ನಳಿಗೆಗೆ ಎಣ್ಣೆ ಹಾಕುತ್ತಿದ್ದರು. ಪಕ್ಕದಲ್ಲಿ ರೈಟರ್ ನಿಂತಿದ್ದ. ಅವನು ಹೋಗಲಿ ಎಂದು ಕಾಯೋಣವೆನ್ನಿಸಿತು. ಕಾದರೆ ಧೈರ್ಯವೂ ಅವನ ಜೊತೆಯೇ ಹೋಗುತ್ತದೆಂದು ಜೇಬಿನ ಹನಿಗಳನ್ನೆಲ್ಲ ಅವರ ಮುಂದಿನ ಸ್ಟೂಲಿನ ಮೇಲೆ ಸುರಿದೆ.

"ಕಾರಿಗೆ ವಯಸ್ಸಾಗಿಲ್ಲಮ್ಮ. ತಪ್ಪು ನನ್ನದು. ಬೇಕೆಂದೇ ಬಿಟ್ಟ ತೂತನ್ನೆಲ್ಲ ನಾನು ಮುಚ್ಚಿದೆ. ಅದಕ್ಕೇ ಬ್ರೇಕ್ ಹೋದದ್ದು. ನಿಮ್ಮ ಜೀವಕ್ಕೇ ಅಪಾಯ ಆಗ್ತಿತ್ತು."

ಅವರು ಒಂದು ಹನಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು.

"ಎಷ್ಟು ಮುಚ್ಚಿದ್ದಿ?"

"ಇನ್ನೂರ ಹದಿಮೂರು."

"ಹಬ್ಬದ ಹಿಂದಿನ ದಿನ ಸಾಯಂಕಾಲ ಹತಾರ ಎಲ್ಲ ದೇವರ ಕೋಣೆಗೆ ಬರ್ಬೇಕು, ನಿಂದೂ ಸೇರಿ. ಆಮೇಲೆ ಪೂಜೆ ಆಗುವವರೆಗೆ ಮುಟ್ಲಿಕ್ಕಿಲ್ಲ. ಎಂಟು ದಿನ ಉಂಟು ನಿನಗೆ." ಮತ್ತೆ ಕೋವಿಯ ಕಡೆ ತಿರುಗಿದರು. ರೈಟರ್ ನನ್ನನ್ನೇ ನೋಡುತ್ತಿದ್ದ. ನೋಡಲಿ ಎಂದು ಬಿಟ್ಟೆ.

ಎಂಟು ದಿನ ಬೆಳಕು ಹರಿದಾಗಿನಿಂದ ಕತ್ತಲಾಗುವವರೆಗೆ ಕೈಯಲ್ಲಿ ತಿರುಗಿಸುವ ಬೈರಿಗೆ ಹಿಡಿದು ನನ್ನ ಚೊಕ್ಕ ಕೆಲಸವನ್ನು ನಾನೇ ಕೆಡಿಸಿದೆ. ಬ್ರೇಕುಗಳನ್ನು ಉಜ್ಜಿ ತೊಳೆದು ಹೊಸ ಪಟ್ಟಿ ಕೂರಿಸಿದೆ. ಕೊನೆಯ ದಿನ ಕೈಬ್ರೇಕಿನ ಹಿಡಿಯೊಂದೇ ಬಾಕಿ. ಬಣ್ಣ ಕೆರೆದಾಗ ಎರಡು ತೂತುಗಳ ನಡುವೆ ಕೂದಲೆಳೆಯಷ್ಟು ಸಣ್ಣ ದುಂಡು ಗೆರೆ ಕಾಣಿಸಿತು. ಇದೂ ನನ್ನದೇ ಎಂದು ಬೈರಿಗೆ ಇಟ್ಟು ಒಂದು ಸುತ್ತು ತಿರುಗಿಸಿದೆ. ತಾಮ್ರದ ಕೆಂಪು ಪುಡಿ ಬರಬೇಕಿತ್ತು. ಬಂದದ್ದು ಕಬ್ಬಿಣದ ಕಪ್ಪು ಪುಡಿ.

ನಿಲ್ಲಿಸಿದೆ. ಅದು ನಾನು ಮುಚ್ಚಿದ ತೂತಾಗಿರಲಿಲ್ಲ. ಎಣಿಸುವಾಗ ಲೆಕ್ಕಕ್ಕೇ ಸಿಕ್ಕದಷ್ಟು ನಾಜೂಕಾಗಿ, ಕಬ್ಬಿಣದಲ್ಲೇ ಕಬ್ಬಿಣ ಕೂರಿಸಿ ಯಾರೋ ಮೊದಲೇ ಮುಚ್ಚಿದ್ದರು. ಪಕ್ಕದಲ್ಲೇ, ಒಂದು ಹುಲ್ಲುಕಡ್ಡಿಯಷ್ಟು ಅತ್ತ, ಸಾಲಿಗೆ ಸರಿಯಾಗಿ ಇನ್ನೊಂದು ತೂತು. ಕಾರನ್ನು ಮಾಡಿದವನೂ ಒಂದು ಸಲ ತಪ್ಪು ಜಾಗದಲ್ಲಿ ಕೊರೆದಿದ್ದ. ಹಾಗೇ ಬಿಡದೆ ಅದನ್ನು ಮುಚ್ಚಿ, ಸರಿಯಾದ ಜಾಗದಲ್ಲಿ ಮತ್ತೆ ಕೊರೆದಿದ್ದ. ಅಲ್ಲೇ ಗೋಡೆಗೆ ಒರಗಿ ಕೂತು ಅತ್ತೆ. ಅಷ್ಟು ದೊಡ್ಡವನಿಗೂ ಕೈ ತಪ್ಪಿತ್ತಲ್ಲ ಎಂದು ಒಂದು ಬಗೆಯ ಸಮಾಧಾನ. ತಪ್ಪಿದ್ದನ್ನು ಅಷ್ಟು ಅಂದವಾಗಿ ಒಪ್ಪಿಕೊಂಡಿದ್ದನಲ್ಲ ಎಂದು ಇನ್ನೊಂದು ಬಗೆಯ ಬೆರಗು. ಆ ಒಂದನ್ನು ಅವನಿಗೇ ಬಿಟ್ಟು ಬೈರಿಗೆಯನ್ನು ಒರೆಸಿ ದೇವರ ಕೋಣೆಗೆ ಕೊಟ್ಟು ಬಂದೆ.

ಹಬ್ಬದ ದಿನ ಪೂಜೆಯಾದ ಮೇಲೆ ದೊಡ್ಡಮ್ಮ ಕೋವಿಯ ನಳಿಗೆಗೆ ಸಿಕ್ಕಿಸುವ ಹೂವನ್ನೇ ಒಂದು ತಂದು ಬಾನೆಟ್ಟಿನ ಪಟ್ಟಿಗೆ ಸಿಕ್ಕಿಸಿದರು. ಅವರೇ ಓಡಿಸಿದರು, ನಾನು ಪಕ್ಕದಲ್ಲಿ ಕೂತೆ; ಕಾರು ಗುಡ್ಡ ಹತ್ತಿತು. ಬಂಗಲೆಯ ಅಂಗಳದಲ್ಲಿ ತಿರುಗಿಸಿ ನಿಲ್ಲಿಸಿ, ಕೆಳಗಿಳಿದು ನನ್ನ ಕಡೆಯ ಬಾಗಿಲಿಗೆ ಬಂದರು.

"ಆಚೆ ಸರಿ. ಮುಚ್ಚಿದವ ನೀನು, ಬಿಚ್ಚಿದವ ನೀನು. ಇಳಿಸೋದೂ ನೀನೇ."

ಎಸ್ಟೇಟಿನ ಜೀಪನ್ನು ಅಂಗಳದಲ್ಲಿ ಹಿಂದೆ ಮುಂದೆ ಮಾಡಿದ್ದು ಬಿಟ್ಟರೆ ನಾನು ಓಡಿಸಿದವನಲ್ಲ. ಹಾಗೆಂದು ಹೇಳಿದೆ. ಅವರು ಕಿವಿಗೆ ಹಾಕಿಕೊಳ್ಳದೆ ನನ್ನ ಪಕ್ಕದಲ್ಲಿ ಕೂತು ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡರು. ತಮ್ಮ ಜೀವವನ್ನು ನನ್ನ ಕಾಲಿನ ಕೆಳಗೆ ಇಟ್ಟಿದ್ದರು. ಮೊದಲ ತಿರುವು. ಪೆಡಲ್ ಒತ್ತಿದೆ; ಹಿಡಿಯಿತು. ಎರಡನೆಯದು ಹಿಡಿಯಿತು. ಮೂರನೆಯದರಲ್ಲಿ ಉಸಿರು ಬಿಗಿಹಿಡಿದು ಒತ್ತಿದೆ. ನನ್ನ ಕಾಲಿನ ಮಾತು ನಾಲ್ಕೂ ಚಕ್ರಕ್ಕೆ ಕೇಳಿದಂತೆ ಕಾರು ತಗ್ಗಿ ನಡೆಯಿತು. ಕೆಳಗೆ ಕಾಕ, ನನ್ನ ಹೆಂಡತಿ, ಲೈನಿನವರೆಲ್ಲ ನಿಂತಿದ್ದರು. ಪಲ್ಪರ್ ಮನೆಯ ಬಾಗಿಲಿಗೆ ಒಂದು ಮೊಳ ಇರುವಾಗ ನಿಲ್ಲಿಸಿದೆ.

ದೊಡ್ಡಮ್ಮ ಇಳಿದು ಪಲ್ಪರ್ ಮನೆಯೊಳಗೆ ಇಣುಕಿ ನೋಡಿದರು.

"ಈಗ ಇದಕ್ಕೆ ಎಂಜಿನ್ ಇಲ್ಲ."

"ಇಲ್ಲಮ್ಮ."

"ಕೈಯಲ್ಲಿ ತಿರುಗಿಸೋ ಹಿಡಿ ಉಂಟಲ್ಲ?"

"ಉಂಟು."

"ಹಾಗಾದ್ರೆ ಈ ವರ್ಷ ತಿರುಗಿಸು," ಎಂದು ಹೇಳಿ ಗುಡ್ಡ ಹತ್ತಿದರು.

ಆ ವರ್ಷದ ಕೊಯ್ಲು ಪೂರ್ತಿ, ಲೈನಿನ ಇಬ್ಬರು ಗಂಡಸರ ಜೊತೆ ಸರದಿಯ ಮೇಲೆ ಪಲ್ಪರನ್ನು ಕೈಯಲ್ಲೇ ತಿರುಗಿಸಿದೆ. ಅಂಗೈಯ ಗುಳ್ಳೆ ಒಡೆದು ದಡ್ಡುಗಟ್ಟಿತು. ಮಧ್ಯಾಹ್ನದ ಹೊತ್ತಿಗೆ ದೊಡ್ಡಮ್ಮ ಒಮ್ಮೊಮ್ಮೆ ಹಣ್ಣು ನೋಡಲು ಕಾರಿನಲ್ಲಿ ಇಳಿದು ಬರುತ್ತಿದ್ದರು. ಮೇಲಿನ ತಿರುವಿನಲ್ಲಿ ಅದರ ಸದ್ದು ಕೇಳಿದ ಕೂಡಲೇ ನಾನು ಹಿಡಿಯನ್ನು ಜೊತೆಯವನಿಗೆ ಕೊಟ್ಟು, ಕೈ ತೊಳೆದು, ಹೊರಗೆ ಬಂದು ನಿಲ್ಲುತ್ತಿದ್ದೆ. ಬ್ರೇಕ್ ಹಿಡಿಯುತ್ತದೋ ಇಲ್ಲವೋ ಎಂದು ನೋಡುವುದಕ್ಕಲ್ಲ. ಹಿರಿಯರು ಬರುವಾಗ, ಅದು ಕಾರೇ ಆದರೂ, ಕೂತಿರುವುದು ನಮ್ಮಲ್ಲಿ ಇಲ್ಲ.